ನಿಂತ ಗಾಡಿಯ ಬ್ಯಾಟರಿ ತಿಂದವರು ಯಾರು? ಕ್ಯಾಂಪರ್ ವ್ಯಾನಿನಲ್ಲಿ ಸೋರಿಕೆ ಹುಡುಕುವ ಕ್ರಮ

ಟೆಂಪೋ ಟ್ರಾವೆಲರಿನೊಳಗೆ ಮಂಚ, ಫ್ರಿಜ್ಜು, ಇನ್ವರ್ಟರು, ನೀರಿನ ಪಂಪು ಕೂರಿಸಿ ಮಾಡಿಸಿದ ಕ್ಯಾಂಪರ್ ಗಾಡಿಗೆ ವರ್ಷದಲ್ಲಿ ಓಡುವ ದಿನಗಳಿಗಿಂತ ನಿಲ್ಲುವ ದಿನಗಳೇ ಹೆಚ್ಚು. ಬೇಸಿಗೆ ಸೂಟಿಯಲ್ಲಿ ದಾಂಡೇಲಿ, ಗೋಕರ್ಣ, ಹಂಪಿ ಅಂತ ತಿರುಗಿ ಬಂದದ್ದು, ಜೂನಿನಲ್ಲಿ ಮಳೆ ಹಿಡಿದ ಮೇಲೆ ಧಾರವಾಡದ ಅಂಗಳದಲ್ಲೋ ಗದಗಿನ ಶೆಡ್ಡಿನಲ್ಲೋ ನಿಂತುಬಿಡುತ್ತದೆ. ದಸರಾ ಸೂಟಿಗೆ ಹೊರಡೋಣವೆಂದು ಕೀಲಿ ತಿರುವಿದರೆ ಟಕ್ ಟಕ್ ಸದ್ದು. ಗ್ಯಾರೇಜಿನವರು ಬಂದು "ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕ್ಸಿಬಿಡ್ರಿ" ಅನ್ನುತ್ತಾರೆ. ಹಾಕಿಸಿದ ಎರಡು ತಿಂಗಳಿಗೆ ಅದೂ ಮಲಗುತ್ತದೆ.

ಎರಡನೇ ಬ್ಯಾಟರಿಯೂ ಮಲಗಿತು ಅಂದರೆ ತಪ್ಪು ಬಹುಮಟ್ಟಿಗೆ ಬ್ಯಾಟರಿಯದಲ್ಲ. ಗಾಡಿ ಕಂಪನಿಯಿಂದ ಬಂದ ಮೇಲೆ ಜೋಡಿಸಿದ ಸಾಮಾನುಗಳದು. ಅದಕ್ಕಿಂತ ಹೆಚ್ಚಾಗಿ, ಆ ಸಾಮಾನಿಗೆ ವೈರು ಎಲ್ಲಿಂದ ಎಳೆದಿದ್ದಾರೆ ಅನ್ನುವುದರದು. ಕೆಳಗಿನದು ಅದನ್ನು ಅಳೆದು ಹಿಡಿಯುವ ಕ್ರಮ. ಎಂಜಿನ್ ಚಾಲೂ ಮಾಡುವ ಬ್ಯಾಟರಿಗೆ ಎಂಜಿನ್ ಬ್ಯಾಟರಿ ಎಂದೂ, ಒಳಗಿನ ಲೈಟು, ಫ್ರಿಜ್ಜು, ಇನ್ವರ್ಟರಿಗೆ ಇಟ್ಟದ್ದಕ್ಕೆ ಮನೆ ಬ್ಯಾಟರಿ ಎಂದೂ ಕರೆಯೋಣ.

ಮೊದಲು ಕಾಗದದ ಮೇಲೆ ಲೆಕ್ಕ

"ಬ್ಯಾಟರಿ ಇಳೀತದ" ಅನ್ನುವುದು ದೂರು. ದಿನಕ್ಕೆ ಎಷ್ಟು ಆಂಪ್-ಅವರ್ (ಒಂದು ಆಂಪ್ ಕರೆಂಟು ಒಂದು ತಾಸು ಹರಿದರೆ ಒಂದು ಆಂಪ್-ಅವರ್) ಹೋಗುತ್ತಿದೆ ಅನ್ನುವುದು ಅಳತೆ. ನಿಂತ ಗಾಡಿ ಎಳೆಯುವ ಕರೆಂಟನ್ನು ಆಂಪ್ ಲೆಕ್ಕದಲ್ಲಿ ಬರೆದು 24ರಿಂದ ಗುಣಿಸಿದರೆ ಅದು ಸಿಕ್ಕಿತು.

ಎಂಜಿನ್ ಕಂಪ್ಯೂಟರು, ಗಡಿಯಾರ, ಸೆಂಟ್ರಲ್ ಲಾಕು, ಟೇಪಿನ ಮೆಮೊರಿ ಇಷ್ಟಕ್ಕೇ ಈಗಿನ ಗಾಡಿ 20ರಿಂದ 50 ಮಿಲಿ ಆಂಪ್ ಎಳೆಯುವುದು ಸಹಜ. 40 ಎಂದು ಹಿಡಿಯಿರಿ. ದಿನಕ್ಕೆ ಸುಮಾರು 1 ಆಂಪ್-ಅವರ್ ಆಯಿತು. ಜೂನ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ 110 ದಿನ ನಿಂತರೆ 105 ಆಂಪ್-ಅವರ್. ಎಂಜಿನ್ ಬ್ಯಾಟರಿ ಇರುವುದೇ 80 ಆಂಪ್-ಅವರಿನದು. ಅಂದರೆ ಒಂದೂ ದೋಷವಿಲ್ಲದ ಗಾಡಿ ಕೂಡ ಮಳೆಗಾಲ ದಾಟುವುದಿಲ್ಲ. ಅಂಥ ಗಾಡಿಯಲ್ಲಿ ಸೋರಿಕೆ ಹುಡುಕುತ್ತ ಕೂತರೆ ದಿನವೂ ಹೋಗುತ್ತದೆ, ಕೂಲಿಯೂ ಹೋಗುತ್ತದೆ. ಅದಕ್ಕೆ ಬೇಕಾದದ್ದು ನಿಲ್ಲಿಸುವ ಸರಿಯಾದ ಪದ್ಧತಿ, ಕೊನೆಗೆ ಹೇಳಿದೆ.

ಹಾಗಾಗಿ ಮೊದಲ ಪ್ರಶ್ನೆ: ತುಂಬಿ ನಿಲ್ಲಿಸಿದ ಬ್ಯಾಟರಿ ಎಷ್ಟು ದಿನಕ್ಕೆ ಮಲಗಿತು? 80ರಲ್ಲಿ ಅರ್ಧ, ಅಂದರೆ 40 ಆಂಪ್-ಅವರ್ ಹೋದ ಮೇಲೆ ಡೀಸೆಲ್ ಎಂಜಿನ್ನಿಗೆ ಸೆಲ್ಫ್ ಹೊಡೆಯುವುದು ತಿಣುಕಾಟ. ಮೂರು ದಿನದೊಳಗೆ ಈ ಸ್ಥಿತಿ ಬಂದರೆ ಅರ್ಧ ಆಂಪಿಗಿಂತ ಹೆಚ್ಚು ಹೋಗುತ್ತಿದೆ. ಉರಿಯುತ್ತಿರುವ ಬಲ್ಬು, ಅಂಟಿಕೊಂಡ ರಿಲೇ (ಕರೆಂಟಿನಿಂದ ಕೂಡಿ ಬಿಡುವ ಸ್ವಿಚ್ಚು), ಡೈನಮೋದ ಡಯೋಡು, ಆಂಪ್ಲಿಫೈಯರು, ಇಂಥದ್ದೇನೋ ಇದೆ. ಹತ್ತು ದಿನ ಹಿಡಿದರೆ ಸುಮಾರು 170 ಮಿಲಿ ಆಂಪ್. ಇದು ಡ್ಯಾಶ್‌ಕ್ಯಾಮ್, ಟ್ರ್ಯಾಕರ್, ಬಿಡದ ಸಣ್ಣ ರಿಲೇಯ ಗಾತ್ರ. ತಿಂಗಳು ದಾಟಿದರೆ ಬಹುಶಃ ದೋಷವೇ ಇಲ್ಲ.

ಮನೆ ಬ್ಯಾಟರಿಯ ಲೆಕ್ಕ ಬೇರೆ. ಅಲ್ಲಿ ಮೊದಲ ಆರೋಪಿ ಇನ್ವರ್ಟರು. ಏನೂ ಸಿಕ್ಕಿಸದೆ, ಬರೀ ಹಸಿರು ದೀಪ ಉರಿಯುತ್ತಿರುವ 1000 ವಾಟಿನ ಇನ್ವರ್ಟರು 10ರಿಂದ 20 ವಾಟ್ ತಿನ್ನುತ್ತದೆ. ಒಂದು ಆಂಪ್ ಎಂದರೂ ದಿನಕ್ಕೆ 24 ಆಂಪ್-ಅವರ್. 100 ಆಂಪ್-ಅವರಿನ ಟ್ಯೂಬುಲರ್ ಬ್ಯಾಟರಿ ಎರಡೇ ದಿನಕ್ಕೆ ಅರ್ಧ.

ಬ್ಯಾಟರಿಯನ್ನೇ ಒಮ್ಮೆ ಒಂಟಿಯಾಗಿ ಬಿಡಿ

ಸೋರಿಕೆ ಹುಡುಕುವ ಮೊದಲು ಬ್ಯಾಟರಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಇದೆಯೇ ಎಂದು ನೋಡಬೇಕು. ಚಾರ್ಜರಿನಿಂದ ಪೂರ್ತಿ ತುಂಬಿಸಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿಬಂದರೆ ತುಂಬುವುದಿಲ್ಲ. ಸೀಸದ ಬ್ಯಾಟರಿಯ ಕೊನೆಯ ಐದನೇ ಒಂದು ಪಾಲು ತುಂಬಲು ಗಂಟೆಗಟ್ಟಲೆ ಬೇಕು. ತುಂಬಿದ ಮೇಲೆ ಎರಡು ನಿಮಿಷ ಹೆಡ್‌ಲೈಟ್ ಉರಿಸಿ ವೋಲ್ಟೇಜನ್ನು ಸುಳ್ಳೇ ಏರಿಸಿ ತೋರಿಸುವ ಮೇಲ್ಮೈ ಚಾರ್ಜು ಕಳೆಯಿರಿ, ನೆಗೆಟಿವ್ ಟರ್ಮಿನಲ್ ಬಿಚ್ಚಿ, ಆರು ಗಂಟೆ ಬಿಟ್ಟು ವೋಲ್ಟೇಜು ಬರೆದಿಡಿ. ಎರಡು ದಿನ ಬಿಟ್ಟು ಮತ್ತೆ ಬರೆಯಿರಿ.

ವಿಶ್ರಾಂತಿಯಲ್ಲಿ 12.65 ವೋಲ್ಟ್ ಇದ್ದರೆ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅರ್ಧ, 12.0 ಕಾಲು, 11.8ಕ್ಕೆ ಖಾಲಿ. ಬಿಚ್ಚಿಟ್ಟ ಬ್ಯಾಟರಿ ಎರಡು ದಿನದಲ್ಲಿ 12.65ರಿಂದ 12.4ಕ್ಕೆ ಇಳಿದರೆ ಸೋರಿಕೆ ಅದರ ಹೊಟ್ಟೆಯೊಳಗೇ ಇದೆ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್ಲಿನ ಗ್ರಾವಿಟಿ, ಅಂದರೆ ಆ್ಯಸಿಡ್ಡಿನ ಸಾಂದ್ರತೆ, ನೋಡಿ. ಐದರಲ್ಲಿ 1.240 ಬಂದು ಒಂದರಲ್ಲಿ 1.180 ಬಂದರೆ ಆ ಸೆಲ್ಲು ಸತ್ತಿದೆ. ಆಗ ಗ್ಯಾರೇಜಿನವರ ಮಾತು ಸರಿ, ಬದಲಿಸಿ. ಬದಲಿಸಿದ ಮೇಲೂ ಮುಂದಿನ ಅಳತೆ ಬಿಡಬೇಡಿ, ಯಾಕೆಂದರೆ ಸೆಲ್ಲು ಸಾಯಲು ಕಾರಣ ಬಹಳ ಸಲ ಆ ಸೋರಿಕೆಯೇ. 12.4ಕ್ಕಿಂತ ಕೆಳಗೆ ವಾರಗಟ್ಟಲೆ ನಿಂತ ಸೀಸದ ತಟ್ಟೆಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ.

ಎರಡು ಸ್ಥಳೀಯ ಕಾರಣಗಳನ್ನು ಇಲ್ಲೇ ಹೇಳಿಬಿಡಬೇಕು. ಒಂದು, ಎರಿ ಮಣ್ಣಿನ ಧೂಳು. ಆ್ಯಸಿಡ್ಡಿನ ಆವಿಯಲ್ಲಿ ನೆನೆದ ಧೂಳು ಬ್ಯಾಟರಿಯ ತಲೆಯ ಮೇಲೆ ಎರಡು ಟರ್ಮಿನಲ್ ನಡುವೆ ಸಣ್ಣ ದಾರಿಯಾಗುತ್ತದೆ. ಮೀಟರಿನ ಕಪ್ಪು ಕಡ್ಡಿ ನೆಗೆಟಿವ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಆಡಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕದಡಿ ಒರೆಸಿ, ಶುದ್ಧ ನೀರಿನಿಂದ ತೊಳೆದು ಒಣಗಿಸಿ. ಸೋಡಾ ನೀರು ಮುಚ್ಚಳದ ತೂತಿನೊಳಗೆ ಇಳಿಯಬಾರದು. ಇನ್ನೊಂದು, ಸವಳು ನೀರು. ಗದಗ ಸೀಮೆಯ ಬೋರಿನ ನೀರನ್ನು ಬ್ಯಾಟರಿಗೆ ಹಾಕಿದರೆ ಅದರ ಲವಣ, ಕಬ್ಬಿಣ ತಟ್ಟೆಗಳ ಮೇಲೆ ಕೂತು ಒಳಸೋರಿಕೆ ಶುರುವಾಗುತ್ತದೆ. ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಬೇಡ. ಬಿಸಿಲೂ ಲೆಕ್ಕಕ್ಕೆ ಬರುತ್ತದೆ: ಉಷ್ಣತೆ 10 ಡಿಗ್ರಿ ಏರಿದಂತೆ ಸೀಸದ ಬ್ಯಾಟರಿ ತಾನಾಗಿ ಇಳಿಯುವ ವೇಗ ಸುಮಾರು ದುಪ್ಪಟ್ಟಾಗುತ್ತದೆ. ಏಪ್ರಿಲಿನಲ್ಲಿ ತಗಡಿನ ಶೆಡ್ಡಿನಲ್ಲಿ ನಿಂತ ಗಾಡಿ, ಶ್ರಾವಣದಲ್ಲಿ ನಿಂತ ಗಾಡಿಗಿಂತ ಬೇಗ ಮಲಗಿದರೆ ಆಶ್ಚರ್ಯವಿಲ್ಲ.

ಕಿಡಿ ನೋಡಿ ತೀರ್ಪು ಕೊಡಬೇಡಿ

ಟರ್ಮಿನಲ್ ಬಿಚ್ಚಿ ಮತ್ತೆ ಮುಟ್ಟಿಸಿ, ಕಿಡಿ ಬಂದರೆ "ಎಲ್ಲೋ ಶಾರ್ಟ್ ಐತ್ರಿ" ಅನ್ನುವುದು ಹಳೆಯ ಪದ್ಧತಿ. ಹಳೆಯ ಗಾಡಿಗೆ ಅದು ನಡೆಯುತ್ತಿತ್ತು. ಇನ್ವರ್ಟರು, ಎಂಜಿನ್ ಕಂಪ್ಯೂಟರು ಇರುವ ಗಾಡಿಯಲ್ಲಿ ಅವುಗಳ ಕೆಪಾಸಿಟರು ತುಂಬಿಕೊಳ್ಳುವಾಗ ಸೋರಿಕೆ ಇಲ್ಲದಿದ್ದರೂ ಕಿಡಿ ಹಾರುತ್ತದೆ. ಮೇಲಾಗಿ ಆಗತಾನೆ ಚಾರ್ಜಾದ ಬ್ಯಾಟರಿಯ ಮೇಲೆ ಹೈಡ್ರೋಜನ್ ಇರುತ್ತದೆ, ಕಿಡಿ ಅಲ್ಲಿ ಆಟವಲ್ಲ. 21 ವಾಟಿನ ಬಲ್ಬನ್ನು ಸೀರೀಸ್ ಹಾಕಿ ನೋಡುವುದೂ ಅರ್ಧ ಕೆಲಸವೇ: 200 ಮಿಲಿ ಆಂಪಿಗೆ ಆ ಬಲ್ಬಿನ ತಂತಿ ಕೆಂಪು ಕೂಡ ಆಗುವುದಿಲ್ಲ. ಹತ್ತು ದಿನದಲ್ಲಿ ಬ್ಯಾಟರಿ ಮಲಗಿಸುವ ಸೋರಿಕೆ ಈ ಬಲ್ಬಿನ ಕಣ್ಣಿಗೆ ಬೀಳುವುದೇ ಇಲ್ಲ.

ಬೇಕಾದದ್ದು 10 ಆಂಪ್ ಡಿಸಿ ತೂತಿರುವ ಡಿಜಿಟಲ್ ಮೀಟರು, ಅದಕ್ಕೆ ಹೊಂದುವ ಒಂದೆರಡು ಹೆಚ್ಚುವರಿ ಫ್ಯೂಸು, ಮೊಸಳೆ ಕ್ಲಿಪ್ ಇರುವ ದಪ್ಪ ಜಂಪರ್ ವೈರು, ಸ್ಕ್ರೂಡ್ರೈವರು. ಕ್ಲ್ಯಾಂಪ್ ಮೀಟರು ಇದ್ದರೆ ಕೆಲಸ ಹಗುರ, ಆದರೆ ಮನೆ ವೈರಿಂಗಿನವರ ಕೈಯಲ್ಲಿರುವುದು ಹೆಚ್ಚಾಗಿ ಎಸಿ ಮಾತ್ರ ಅಳೆಯುವಂಥದ್ದು. ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ತೋರಿಸಿ ಮೋಸ ಮಾಡುತ್ತದೆ. ಡಿಸಿ ಕ್ಲ್ಯಾಂಪನ್ನೂ ಪ್ರತಿ ಸಲ ಸೊನ್ನೆ ಮಾಡಿಕೊಂಡೇ ಹಾಕಬೇಕು. ಸಣ್ಣ ಕರೆಂಟು ಓದಲು ಒಂದು ಉಪಾಯವಿದೆ: ನಡುವೆ ಸೇರಿಸಿದ ಜಂಪರ್ ವೈರನ್ನು ಕ್ಲ್ಯಾಂಪಿನ ಬಾಯಿಗೆ ಹತ್ತು ಸುತ್ತು ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ.

ಮೀಟರು ಹಾಕುವ ರೀತಿ

ಇಲ್ಲಿ ಆಗುವ ತಪ್ಪೇ ಹೆಚ್ಚು, ಸಾವಕಾಶ ಮಾಡಿ. ಉಂಗುರ, ಕೈಗಡಿಯಾರ ತೆಗೆದಿಡಿ.

ಕೀಲಿ ತೆಗೆದು, ರಿಮೋಟ್ ಕೀಲಿಯಾದರೆ ಗಾಡಿಯಿಂದ ದೂರ ಇಡಿ. ಫ್ಯೂಸ್ ಪೆಟ್ಟಿಗೆ ಮುಟ್ಟಲು ಬಾಗಿಲು ತೆರೆದಿರಬೇಕು, ಆದರೆ ಗಾಡಿಗೆ ಬಾಗಿಲು ಮುಚ್ಚಿದೆ ಅನ್ನಿಸಬೇಕು. ಬಾಗಿಲ ಕೊಂಡಿಯ ಬಾಯಿಯನ್ನು ಸ್ಕ್ರೂಡ್ರೈವರಿನಿಂದ ಎರಡು ಸಲ ಒತ್ತಿದರೆ ಅದು ಮುಚ್ಚಿಕೊಳ್ಳುತ್ತದೆ. ಒತ್ತುಗುಂಡಿಯ ಹಳೆಯ ಸ್ವಿಚ್ಚಾದರೆ ಟೇಪ್ ಹಚ್ಚಿ. ಕೆಲಸ ಮುಗಿದ ಮೇಲೆ ಹಿಡಿಕೆ ಎಳೆದು ಕೊಂಡಿ ಬಿಡಿಸುವುದನ್ನು ಮರೆತು ಬಾಗಿಲು ಬಡಿದರೆ ಕೊಂಡಿ ಮುರಿಯುತ್ತದೆ.

ಈಗ ಜಂಪರ್ ವೈರಿನ ಒಂದು ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ನೆಗೆಟಿವ್ ಕೇಬಲ್ಲಿನ ಲಗ್ಗಿಗೂ (ಕಂಬಕ್ಕೆ ಬಿಗಿಯುವ ತುದಿಯ ಲೋಹಕ್ಕೂ) ಹಾಕಿ. ಆಮೇಲೆ ಲಗ್ಗನ್ನು ಕಂಬದಿಂದ ಬಿಚ್ಚಿ. ಸಂಪರ್ಕ ತಪ್ಪಲಿಲ್ಲ, ಗಾಡಿ ಎಚ್ಚರವಾಗಲಿಲ್ಲ. ಮೀಟರನ್ನು 10 ಆಂಪಿಗಿಟ್ಟು ಕಂಬ ಮತ್ತು ಲಗ್ಗಿನ ನಡುವೆ ಸೇರಿಸಿ. ಜಂಪರ್ ಇನ್ನೂ ಇರಲಿ. 30ರಿಂದ 60 ನಿಮಿಷ ಬಿಟ್ಟು ಜಂಪರ್ ತೆಗೆಯಿರಿ, ಈಗ ಕರೆಂಟೆಲ್ಲ ಮೀಟರಿನೊಳಗಿಂದ ಹೋಗುತ್ತದೆ.

ಆ ಒಂದು ತಾಸು ಕಾಯದವರೇ ಹೆಚ್ಚು. ಲಗ್ಗು ಬಿಚ್ಚಿ ಮೀಟರು ಹಾಕಿದ ಕೂಡಲೇ ಕಂಪ್ಯೂಟರುಗಳೆಲ್ಲ ಎದ್ದು ಎರಡು ಮೂರು ಆಂಪ್ ತೋರಿಸುತ್ತವೆ. ನೋಡಿದವರು ಹೌಹಾರಿ ವೈರಿಂಗ್ ಬಿಚ್ಚಿಸುತ್ತಾರೆ. ಅವು ನಿದ್ದೆಗೆ ಜಾರಿದ ಮೇಲಿನ ಅಂಕಿ ಮಾತ್ರ ನಿಜ. ಮೀಟರು ಒಳಗಿರುವಾಗ ಬಾಗಿಲು ತೆರೆಯುವುದಿದ್ದರೆ ಜಂಪರ್ ಮೊದಲು ಹಾಕಿ. ಮೀಟರಿನ ಮೂಲಕ ಸೆಲ್ಫ್ ಹೊಡೆಯುವ ಮಾತೇ ಬೇಡ, ಸ್ಟಾರ್ಟರು ನೂರಾರು ಆಂಪ್ ಎಳೆಯುತ್ತದೆ. ಮಿಲಿ ಆಂಪ್ ತೂತನ್ನೂ ಈ ಹಂತದಲ್ಲಿ ಮುಟ್ಟಬೇಡಿ, ಅದರ ಫ್ಯೂಸು ಸಾಮಾನ್ಯವಾಗಿ ಅರ್ಧ ಆಂಪಿನೊಳಗೇ ಹಾರುತ್ತದೆ.

ಮನೆ ಬ್ಯಾಟರಿಯಲ್ಲೂ ಇದೇ ಅಳತೆ, ಆದರೆ ಎರಡು ಸಲ: ಬ್ಯಾಟರಿಯನ್ನು ಲೈನಿನಿಂದ ಬೇರ್ಪಡಿಸುವ ಕಟ್-ಆಫ್ ಸ್ವಿಚ್ ಚಾಲೂ ಇಟ್ಟು ಒಮ್ಮೆ, ಬಂದ್ ಮಾಡಿ ಒಮ್ಮೆ. ಬಂದ್ ಮಾಡಿದಾಗ ಸೊನ್ನೆ ಬರಬೇಕು. ಹೆಚ್ಚಿನ ಗಾಡಿಗಳಲ್ಲಿ ಬರುವುದಿಲ್ಲ. ಸ್ವಿಚ್ಚು ಹಾಕಿದವರು ಒಬ್ಬರು, ಆಮೇಲೆ ಸೋಲಾರು ಹಾಕಿದವರು ಇನ್ನೊಬ್ಬರು, ವೋಲ್ಟ್ ಮೀಟರು, ಗ್ಯಾಸ್ ಅಲಾರಂ ಹಾಕಿದವರು ಮತ್ತೊಬ್ಬರು. ಎಲ್ಲರೂ ಹತ್ತಿರ ಸಿಕ್ಕ ಬ್ಯಾಟರಿ ಕಂಬದಿಂದಲೇ ವೈರು ಎಳೆದಿರುತ್ತಾರೆ. ಬ್ಯಾಟರಿಯ ಪಾಸಿಟಿವ್ ಕಂಬದ ಬೋಲ್ಟಿಗೆ ಎಷ್ಟು ಲಗ್ಗು ಇವೆ ಎಂದು ಎಣಿಸಿ. ಒಂದಕ್ಕಿಂತ ಹೆಚ್ಚಿದ್ದ ಪ್ರತಿಯೊಂದೂ ಸ್ವಿಚ್ಚಿಗೆ ಗೊತ್ತಿಲ್ಲದ ಹಿಂಬಾಗಿಲು. ಅದರಲ್ಲಿ ಫ್ಯೂಸು ಇಲ್ಲದವು ಎಷ್ಟು ಎಂದೂ ನೋಡಿ, ಯಾಕೆಂದರೆ ಅವು ಬ್ಯಾಟರಿ ಇಳಿಸುವುದಲ್ಲ, ಗಾಡಿಯನ್ನೇ ಸುಡುವಂಥವು.

ಯಾವ ಲೈನು?

ಅಂಕಿ ಹೆಚ್ಚಿದೆ ಎಂದು ಖಾತ್ರಿಯಾದ ಮೇಲೆ ಒಂದೊಂದೇ ಫ್ಯೂಸು ಕಿತ್ತು ಮೀಟರು ನೋಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದರ ತೊಂದರೆ, ಫ್ಯೂಸು ಕಿತ್ತು ಮತ್ತೆ ಕೂರಿಸಿದಾಗ ಆ ಲೈನಿನ ಕಂಪ್ಯೂಟರು ಎಚ್ಚರವಾಗಿ ಮತ್ತೆ ಅರ್ಧ ತಾಸು ಕಾಯಿಸುತ್ತದೆ. ಅಂಟಿಕೊಂಡಿದ್ದ ರಿಲೇ ಆ ಅಲುಗಾಟಕ್ಕೇ ಬಿಟ್ಟುಕೊಂಡು ದೋಷ ಮಾಯವಾಗುವುದೂ ಉಂಟು.

ಫ್ಯೂಸು ಕೀಳದೆ ನೋಡಬಹುದು. ಬ್ಲೇಡ್ ಫ್ಯೂಸಿನ ಬೆನ್ನ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಮೀಟರನ್ನು ಮಿಲಿವೋಲ್ಟ್ ಡಿಸಿಗೆ ಇಟ್ಟು ಎರಡೂ ಕಡ್ಡಿಗಳನ್ನು ಅಲ್ಲಿ ಒತ್ತಿ. ಕರೆಂಟು ಹೋಗದ ಫ್ಯೂಸಿನಲ್ಲಿ 0.0. ಹೋಗುತ್ತಿದ್ದರೆ ಸಣ್ಣ ವೋಲ್ಟೇಜು ಬೀಳುತ್ತದೆ: 10 ಆಂಪಿನ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಅಂದರೆ ಸುಮಾರು 130 ಮಿಲಿ ಆಂಪ್, 15 ಆಂಪಿನದರಲ್ಲಿ ಸುಮಾರು 200. ಲೆಕ್ಕ ಕರಾರುವಾಕ್ಕಾಗಿರಬೇಕಿಲ್ಲ, ಯಾವ ಫ್ಯೂಸು ಎಂದು ತಿಳಿದರೆ ಸಾಕು. ಹತ್ತು ನಿಮಿಷದಲ್ಲಿ ಇಡೀ ಪೆಟ್ಟಿಗೆ ಮುಗಿಯುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ.

ಫ್ಯೂಸುಗಳೆಲ್ಲ ಸೊನ್ನೆ, ಒಟ್ಟು ಅಂಕಿ ಮಾತ್ರ ದೊಡ್ಡದು ಎಂದಾದರೆ ಸೋರಿಕೆ ಫ್ಯೂಸ್ ಪೆಟ್ಟಿಗೆಗೆ ಬರುವುದೇ ಇಲ್ಲ. ಡೈನಮೋದ ದಪ್ಪ ವೈರು, ಸ್ಟಾರ್ಟರು, ಮತ್ತೆ ಅದೇ ಕಂಬದ ಹೆಚ್ಚುವರಿ ಲಗ್ಗುಗಳು ಉಳಿದವು.

ಸಿಕ್ಕಿಬೀಳುವವರು

ಡೈನಮೋ. ರಾತ್ರಿಯಿಡೀ ನಿಂತ ಗಾಡಿಯ ಡೈನಮೋವನ್ನು ಬೆಳಗ್ಗೆ ಕೈಯಿಂದ ಮುಟ್ಟಿ. ಎಂಜಿನ್ನಿಗಿಂತ ಬೆಚ್ಚಗಿದ್ದರೆ ಒಳಗೆ ಕರೆಂಟು ಹರಿಯುತ್ತಿದೆ. ಹಿಂದಿನ ಬೇರಿಂಗಿನ ಹತ್ತಿರ ಸ್ಪ್ಯಾನರು ಹಿಡಿದಾಗ, ಕೀಲಿ ತೆಗೆದಿದ್ದರೂ ಜೋರಾಗಿ ಅಂಟಿಕೊಂಡರೆ ಇಗ್ನಿಷನ್ ರಿಲೇ ಬಿಟ್ಟಿಲ್ಲ, ಫೀಲ್ಡ್ ಸುರುಳಿಗೆ ಎರಡು ಮೂರು ಆಂಪ್ ಹೋಗುತ್ತಿದೆ. ಅಂಟದೆ ಬರೀ ಬೆಚ್ಚಗಿದ್ದರೆ ಡಯೋಡು ಹಿಂದಕ್ಕೆ ಸೋರುತ್ತಿದೆ. ಬ್ಯಾಟರಿಯ ನೆಗೆಟಿವ್ ತೆಗೆದು, ಡೈನಮೋದ ದಪ್ಪ ವೈರು ಬಿಚ್ಚಿ ತುದಿಗೆ ಟೇಪ್ ಸುತ್ತಿ, ನೆಗೆಟಿವ್ ಮತ್ತೆ ಸೇರಿಸಿ ಅಳೆಯಿರಿ; ಅಂಕಿ ಬಿದ್ದರೆ ಖಾತ್ರಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಎಸಿ ವೋಲ್ಟ್ ಅಳೆದರೆ ಅರ್ಧ ವೋಲ್ಟಿಗಿಂತ ಹೆಚ್ಚು ಬರುವುದೂ ಡಯೋಡಿನ ಗುರುತೇ. ಇಡೀ ಡೈನಮೋ ಬದಲಿಸಬೇಕಿಲ್ಲ, ಡಯೋಡ್ ಪ್ಲೇಟು ಸಾಕು.

ಎರಡೂ ಬ್ಯಾಟರಿಗಳನ್ನು ಕೂಡಿಸುವ ರಿಲೇ. ಎಂಜಿನ್ ಓಡುವಾಗ ಮನೆ ಬ್ಯಾಟರಿಗೂ ಚಾರ್ಜು ಹೋಗಲಿ ಎಂದು ಇದನ್ನು ಹಾಕಿರುತ್ತಾರೆ. ಎಂಜಿನ್ ಬಂದ್ ಆದಾಗ ಬಿಡಬೇಕು. ದೊಡ್ಡ ಇನ್ವರ್ಟರಿಗೆ ಭಾರ ಹಾಕಿ ಹೊಡೆದುಕೊಂಡ ರಿಲೇಯ ತಾಮ್ರದ ತುಟಿಗಳು ಬೆಸೆದುಕೊಂಡು ಬಿಡುವುದಿಲ್ಲ. ಆಗ ಫ್ರಿಜ್ಜು, ಫ್ಯಾನು ಎಂಜಿನ್ ಬ್ಯಾಟರಿಯನ್ನೂ ಕುಡಿಯುತ್ತವೆ. ಪರೀಕ್ಷೆ ಸುಲಭ: ಗಾಡಿ ನಿಂತು ಅರ್ಧ ತಾಸಾದ ಮೇಲೆ ಎರಡೂ ಬ್ಯಾಟರಿಯ ವೋಲ್ಟೇಜು ಓದಿ. ಎರಡರಲ್ಲೂ ಎರಡನೇ ದಶಾಂಶದವರೆಗೆ ಒಂದೇ ಅಂಕಿ ಬಂದರೆ ಅನುಮಾನಿಸಿ. ಒಳಗಿನ ಲೈಟು, ಪಂಪು ಹಾಕಿದಾಗ ಎಂಜಿನ್ ಬ್ಯಾಟರಿಯೂ ಜೊತೆಗೇ ಇಳಿದರೆ ಬೆಸೆದಿದೆ. ಬೆಸೆಯದಿದ್ದರೂ, ಸುರುಳಿಗೆ ಕೊಟ್ಟ ವೈರು ಇಗ್ನಿಷನ್ನಿನಿಂದ ಬಾರದೆ ಸದಾ ಕರೆಂಟಿರುವ ಸಾಕೆಟ್ಟಿನಿಂದ ಬಂದಿದ್ದರೆ, ದೊಡ್ಡ ಸಾಲೆನಾಯ್ಡಿನ ಸುರುಳಿಯೊಂದೇ ಸುಮಾರು ಒಂದು ಆಂಪ್ ತಿನ್ನುತ್ತ ಕೂರುತ್ತದೆ. ಸಣ್ಣ 30 ಆಂಪಿನ ರಿಲೇಯ ಸುರುಳಿಗೆ 150 ಮಿಲಿ ಆಂಪ್. ವೋಲ್ಟೇಜು ನೋಡಿ ತಾನೇ ಕೂಡಿಸುವ ರಿಲೇಯಾದರೆ 13.3 ವೋಲ್ಟಿನ ಆಸುಪಾಸು ಕೂಡಿ 12.8ಕ್ಕೆ ಬಿಡಬೇಕು. ರಿಲೇ ಬದಲು ಡಿಸಿ-ಡಿಸಿ ಚಾರ್ಜರು ಇದ್ದರೆ ಅದರ ಸಂಕೇತ ವೈರಿಗೆ ಕೀಲಿ ತೆಗೆದಾಗ ಸೊನ್ನೆ ವೋಲ್ಟ್ ಇದೆಯೇ ನೋಡಿ. ಇಲ್ಲದಿದ್ದರೆ ಅದು ನಿಂತ ಗಾಡಿಯ ಎಂಜಿನ್ ಬ್ಯಾಟರಿಯನ್ನು ಮನೆ ಬ್ಯಾಟರಿಗೆ ಸುರಿಯುತ್ತಲೇ ಇರುತ್ತದೆ.

ಟೇಪು ಮತ್ತು ಆಂಪ್ಲಿಫೈಯರು. ಟೇಪಿನ ಹಳದಿ ವೈರು ಸದಾ ಕರೆಂಟಿಗೆ, ಕೆಂಪು ವೈರು ಕೀಲಿಗೆ ಹೋಗಬೇಕು. ಕೀಲಿ ಇಲ್ಲದೆಯೂ ಹಾಡು ಕೇಳಲೆಂದು ಎರಡನ್ನೂ ಕೂಡಿಸಿ ತಿರುವಿರುತ್ತಾರೆ. ಆಗ ಆಂಪ್ಲಿಫೈಯರಿನ ನೀಲಿ ವೈರೂ ಆರುವುದಿಲ್ಲ. ಹಾಡು ನಿಂತಿದ್ದರೂ ಆಂಪ್ಲಿಫೈಯರು ಬೆಚ್ಚಗೆ ಇದ್ದು ಅರ್ಧದಿಂದ ಒಂದು ಆಂಪ್ ಎಳೆಯುತ್ತದೆ. ಮುಟ್ಟಿ ನೋಡಿದರೆ ಸಾಕು.

ಟ್ರ್ಯಾಕರು. ಟೂರಿಸ್ಟ್ ಪರ್ಮಿಟ್ಟಿನ ಗಾಡಿಗೆ ಅದು ಎಲ್ಲಿದೆ ಎಂದು ತಿಳಿಸುವ ಎಐಎಸ್-140 ಸಾಧನ ಕೂತಿರುತ್ತದೆ. ಅದನ್ನು ಕಿತ್ತು ಬ್ಯಾಟರಿ ಉಳಿಸುವ ಯೋಚನೆ ಬೇಡ, ನಿಯಮದ ಪ್ರಕಾರ ಅದು ಇರಲೇಬೇಕು. ಅದರ ಎಳೆತವನ್ನು ಅಳೆದು ಲೆಕ್ಕಕ್ಕೆ ಸೇರಿಸಿಕೊಳ್ಳಿ. ನೆಟ್‌ವರ್ಕ್ ಸಿಗದ ತಗಡಿನ ಶೆಡ್ಡಿನಲ್ಲಿ ಅದು ಸಿಗ್ನಲ್ ಹುಡುಕುತ್ತಲೇ ಇರುವುದರಿಂದ ಬಯಲಿನಲ್ಲಿ ನಿಂತದ್ದಕ್ಕಿಂತ ಹೆಚ್ಚು ತಿನ್ನುತ್ತದೆ. ಪಾರ್ಕಿಂಗ್ ಮೋಡಿನಲ್ಲಿಟ್ಟ ಡ್ಯಾಶ್‌ಕ್ಯಾಮ್ ಮಾತ್ರ ನಮ್ಮ ಶೋಕಿ; 200ರಿಂದ 400 ಮಿಲಿ ಆಂಪ್. ನಿಲ್ಲಿಸುವಾಗ ಕಿತ್ತಿಡಿ.

ಇನ್ವರ್ಟರು. ಅದರ ರಿಮೋಟ್ ಬಟನ್ನು ಒತ್ತಿದರೆ ದೀಪ ಆರುತ್ತದೆ, ಒಳಗಿನ ಸರ್ಕಿಟ್ಟು ಕೆಲವು ಮಾದರಿಗಳಲ್ಲಿ ಆರುವುದಿಲ್ಲ. ಬ್ಯಾಟರಿ ಕಡೆಯ ಸ್ವಿಚ್ಚೇ ಬಂದ್ ಆಗಬೇಕು. ಇಲ್ಲಿ ಮನೆಯಲ್ಲಿ ಕರೆಂಟು ಹೋದಾಗ ಇನ್ವರ್ಟರು ತಾನೇ ಎದ್ದೇಳುವುದು ಅಭ್ಯಾಸವಾಗಿ, ಗಾಡಿಯಲ್ಲೂ ಅದನ್ನು ಸದಾ ಚಾಲೂ ಬಿಡುವವರಿದ್ದಾರೆ. ಫೋನು ಚಾರ್ಜಿಗೆ 12 ವೋಲ್ಟಿನ ಯುಎಸ್‌ಬಿ ಸಾಕೆಟ್ಟು ಇರುವಾಗ 1000 ವಾಟಿನ ಯಂತ್ರವನ್ನು ಎಬ್ಬಿಸಿಡುವುದು ಒಂದು ಲೋಟ ಚಹಾಕ್ಕೆ ಮದುವೆಯ ಒಲೆ ಹಚ್ಚಿದ ಹಾಗೆ.

ಸಣ್ಣವರೂ ಸೇರಿದರೆ ದೊಡ್ಡವರೇ. ನೀಲಿ ಅಂಕಿಯ ವೋಲ್ಟ್ ಮೀಟರು 20 ಮಿಲಿ ಆಂಪ್, ಗ್ಯಾಸ್ ಅಲಾರಂ 50ರಿಂದ 100, ಸೋಲಾರ್ ಕಂಟ್ರೋಲರು 10ರಿಂದ 20, ಫ್ರಿಜ್ಜಿನ ಪ್ಯಾನಲ್ಲು ಬಂದ್ ಇದ್ದರೂ ಒಂದಿಷ್ಟು. ಎಲ್ಲ ಕೂಡಿ 150 ಆದರೆ ದಿನಕ್ಕೆ 3.6 ಆಂಪ್-ಅವರ್, ತಿಂಗಳಿಗೆ 108. ಗ್ಯಾಸ್ ಸಿಲಿಂಡರು ಒಳಗಿರುವಾಗ ಅಲಾರಂ ಬಂದ್ ಮಾಡಬೇಡಿ. ಮೊದಲು ಸಿಲಿಂಡರು ಇಳಿಸಿ.

ಬಸ್ಸಿನ ಚಾಸಿಯ ಮೇಲೆ ಕಟ್ಟಿಸಿದ ದೊಡ್ಡ ಗಾಡಿಯಾದರೆ 24 ವೋಲ್ಟ್ ಇರುತ್ತದೆ. ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ಟೇಪಿಗೆ, ಲೈಟಿಗೆ 12 ವೋಲ್ಟ್ ಎಳೆಯುವುದು ಲಾರಿಯವರ ಹಳೆಯ ರೂಢಿ. ಎಳೆದ ಬ್ಯಾಟರಿ ಎಂದೂ ತುಂಬುವುದಿಲ್ಲ, ಇನ್ನೊಂದು ಅತಿಯಾಗಿ ತುಂಬಿ ನೀರು ಕುದಿಸಿಕೊಳ್ಳುತ್ತದೆ. ಒಂದು 12.7, ಇನ್ನೊಂದು 12.2 ಬಂದರೆ ಇದೇ ಕಾರಣ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರು ಹಾಕಿ, ಅದನ್ನೂ ಕಟ್-ಆಫ್ ಸ್ವಿಚ್ಚಿನ ಆಚೆಗೇ ಹಾಕಿ.

ಹಗಲು ಸಿಗದ, ರಾತ್ರಿ ತಿನ್ನುವ ದೋಷ

ಹಗಲೆಲ್ಲ ಅಳೆದರೆ 30 ಮಿಲಿ ಆಂಪ್, ಬೆಳಗಾದರೆ ಬ್ಯಾಟರಿ ಇಳಿದಿರುತ್ತದೆ. ಇಂಥಲ್ಲಿ ಮೊದಲು ಸೋಲಾರ್ ಕಂಟ್ರೋಲರಿನ ಲೋಡ್ ತೂತಿಗೆ ಏನು ಸಿಕ್ಕಿಸಿದೆ ನೋಡಿ. ಅಗ್ಗದ ಕಂಟ್ರೋಲರುಗಳನ್ನು ಬೀದಿದೀಪಕ್ಕೂ ಬಳಸುತ್ತಾರೆ. ಕತ್ತಲಾದೊಡನೆ ಲೋಡ್ ತಾನಾಗಿ ಚಾಲೂ ಆಗುವ ಸೆಟ್ಟಿಂಗು ಅದರಲ್ಲಿರುತ್ತದೆ. ಬಟನ್ನು ತಪ್ಪಿ ಒತ್ತಿ ಅದು ಆ ಸೆಟ್ಟಿಂಗಿಗೆ ಹೋಗಿದ್ದರೆ, ಪರದೆಯ ಹಿಂದಿನ ಎಲ್‌ಇಡಿ ಪಟ್ಟಿ ಪ್ರತಿ ರಾತ್ರಿ ಯಾರೂ ಇಲ್ಲದ ಗಾಡಿಯಲ್ಲಿ ಬೆಳಗುತ್ತದೆ. ಕತ್ತಲಲ್ಲಿ ಒಮ್ಮೆ ಕಿಟಕಿಯಿಂದ ಇಣುಕಿ.

ನೀರಿನ ಪಂಪೂ ಹೀಗೆಯೇ. ನಲ್ಲಿಯಲ್ಲಿ ಹನಿ ಸೋರಿದರೆ ಒತ್ತಡ ಇಳಿದು, ಪಂಪು ಕೆಲವು ನಿಮಿಷಕ್ಕೊಮ್ಮೆ ಎರಡು ಸೆಕೆಂಡು ಗುರ್ ಎಂದು ನಿಲ್ಲುತ್ತದೆ. ಮೀಟರಿನ ಗರಿಷ್ಠ-ಕನಿಷ್ಠ ಹಿಡಿದಿಡುವ ಬಟನ್ನು ಒತ್ತಿ ರಾತ್ರಿ ಬಿಟ್ಟರೆ ಇಂಥವು ಸಿಕ್ಕಿಬೀಳುತ್ತವೆ. ಶಂಟ್ (ನೆಗೆಟಿವ್ ವೈರಿನಲ್ಲಿ ಕೂತು ಕರೆಂಟು ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರು ಇದ್ದರೂ ಪೂರ್ತಿ ನಂಬಬೇಡಿ. 100 ಮಿಲಿ ಆಂಪಿಗಿಂತ ಕಡಿಮೆ ಇದ್ದದ್ದನ್ನು ಅದು ಸೊನ್ನೆ ಎಂದು ತೋರಿಸಬಹುದು. ಶಂಟ್ ದಾಟದೆ ನೇರ ಕಂಬಕ್ಕೆ ಬಂದ ನೆಗೆಟಿವ್ ವೈರು ಅದರ ಲೆಕ್ಕಕ್ಕೇ ಬರುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ಬರುವ ಸೋರಿಕೆಗೆ ಹಿಂದಿನ ಲೈಟಿನ ಹೋಲ್ಡರು, ಚಾಸಿಯ ಕೆಳಗಿನ ಕನೆಕ್ಟರು ಬಿಚ್ಚಿ ನೋಡಿ. ಹಸಿರು ಬೂಸ್ಟು ಕಟ್ಟಿದ್ದರೆ ನೀರು ಇಳಿದಿದೆ. ಹೊಲದ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಇಲಿ ಕಡಿದ ವೈರು ಬಾಡಿಗೆ ತಾಗಿರುವುದೂ ಹೊಸದಲ್ಲ, ಹಿಕ್ಕೆ ಕಂಡ ಕಡೆ ವೈರಿನ ಕಟ್ಟು ಬಿಚ್ಚಿ ನೋಡಿ.

ಲಿಥಿಯಂ ಆದರೆ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೇಲಿನ ವೋಲ್ಟೇಜ್ ಪಟ್ಟಿ ಹೊಂದುವುದಿಲ್ಲ. ಮುಕ್ಕಾಲು ತುಂಬಿದಾಗಲೂ ಕಾಲು ತುಂಬಿದಾಗಲೂ 13 ವೋಲ್ಟಿನ ಆಚೀಚೆಯೇ ನಿಂತಿದ್ದು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಟರ್ಮಿನಲ್ಲಿನಲ್ಲಿ ಸೊನ್ನೆ ವೋಲ್ಟ್ ಬಂದರೆ ಬ್ಯಾಟರಿ ಸತ್ತಿತೆಂದು ಎಸೆಯಬೇಡಿ. ಸೆಲ್ಲುಗಳನ್ನು ಕಾಯುವ ಒಳಗಿನ ಸರ್ಕಿಟ್ಟು, ಅಂದರೆ ಬಿಎಂಎಸ್, ಬಾಗಿಲು ಹಾಕಿಕೊಂಡಿರುತ್ತದೆ. ಲಿಥಿಯಂ ಎಬ್ಬಿಸುವ ಸೌಲಭ್ಯವಿರುವ ಚಾರ್ಜರು ಹಾಕಿದರೆ ತೆರೆಯುತ್ತದೆ. ಆದರೆ ಬಾಗಿಲು ಹಾಕಿದ ಮೇಲೂ ಬಿಎಂಎಸ್ ತನ್ನ ಹೊಟ್ಟೆಗೆ ಸೆಲ್ಲಿನಿಂದಲೇ ತೆಗೆದುಕೊಳ್ಳುತ್ತದೆ. ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಸೆಲ್ಲು 2 ವೋಲ್ಟಿಗಿಂತ ಕೆಳಗೆ ಹೋಗುತ್ತದೆ. ಅಂಥದ್ದನ್ನು ಮತ್ತೆ ತುಂಬಿಸುವ ಸಾಹಸ ಬೇಡ, ಒಳಗೆ ಶಾರ್ಟ್ ಆಗುವ ಅಪಾಯವಿದೆ.

ನಿಲ್ಲಿಸುವಾಗ

ಎಂಜಿನ್ ಬ್ಯಾಟರಿಯನ್ನು ಚಾರ್ಜರಿನಿಂದ ಪೂರ್ತಿ ತುಂಬಿಸಿ. ಟ್ರ್ಯಾಕರಿನ ಕಡ್ಡಾಯ ಇಲ್ಲದ ಸ್ವಂತ ಗಾಡಿಯಾದರೆ ನೆಗೆಟಿವ್ ಬಿಚ್ಚಿಬಿಡಿ, ತಿಂಗಳಿಗೊಮ್ಮೆ ಒಂದು ರಾತ್ರಿ ಚಾರ್ಜಿಗೆ ಹಾಕಿ. ಬಿಚ್ಚಲಾಗದ ಗಾಡಿಗೆ ತೇಲು ಚಾರ್ಜು (ತುಂಬಿದ ಬ್ಯಾಟರಿ ಇಳಿಯದಂತೆ ಹಿಡಿದಿಡುವ ಸಣ್ಣ ಚಾರ್ಜು) ಕೊಡುವ ಸಣ್ಣ ಚಾರ್ಜರು ಸದಾ ಇರಲಿ. ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದು ಉಪಕಾರವಲ್ಲ. ಸೆಲ್ಫಿಗೆ, ಡೀಸೆಲ್ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಪ್ಲಗ್ಗಿಗೆ ಹೋದದ್ದು ಹೇಗೋ ಮರಳೀತು, ಅದಕ್ಕಿಂತ ಮೊದಲು ಇಳಿದದ್ದು ತುಂಬುವುದಿಲ್ಲ. ಲಿಥಿಯಂ ಮನೆ ಬ್ಯಾಟರಿಯನ್ನು ಅರ್ಧಕ್ಕಿಂತ ತುಸು ಹೆಚ್ಚು ತುಂಬಿಸಿ, ಸ್ವಿಚ್ ಬಂದ್ ಮಾಡಿ ಬಿಡುವುದು ಒಳ್ಳೆಯದು. ಸೀಸದ್ದನ್ನು ಪೂರ್ತಿ ತುಂಬಿಸಿಯೇ ಬಿಡಬೇಕು.

ಚಾವಣಿಯ ಸೋಲಾರು ಕಾಯುತ್ತದೆ ಅನ್ನುವ ಭರವಸೆಗೂ ಮಿತಿ ಇದೆ. 100 ವಾಟಿನ ಫಲಕ ಬೇಸಿಗೆಯಲ್ಲಿ ದಿನಕ್ಕೆ 25 ಆಂಪ್-ಅವರ್ ಕೊಟ್ಟೀತು. ಜುಲೈಯ ಜಿಟಿಜಿಟಿ ಮಳೆಯಲ್ಲಿ, ಮಾವಿನ ಮರದ ನೆರಳಲ್ಲಿ, ಅದರಲ್ಲಿ ಎಷ್ಟು ಬರುತ್ತದೆಂದು ನಂಬಿ ಕೂರಬೇಡಿ. ಮತ್ತೆ ಅದು ತುಂಬಿಸುವುದು ಮನೆ ಬ್ಯಾಟರಿಯನ್ನು ಮಾತ್ರ. ಮನೆ ಬ್ಯಾಟರಿಯ ವೋಲ್ಟೇಜನ್ನೂ ನೋಡಿ ತಾನೇ ಕೂಡಿಸುವ ರಿಲೇ ಇಲ್ಲದಿದ್ದರೆ ಎಂಜಿನ್ ಬ್ಯಾಟರಿಗೆ ಒಂದು ಹನಿಯೂ ಸಿಗದು.

ರಿಪೇರಿ ಆದ ಮೇಲೆ ಮೀಟರಿನ ಹೊಸ ಅಂಕಿ, ತಾರೀಖು, ಯಾವ ಫ್ಯೂಸಿಗೆ ಏನು ಸೇರಿದೆ ಎಂಬುದನ್ನು ಕಾಗದದಲ್ಲಿ ಬರೆದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಆರು ತಾಸು ಬಿಟ್ಟು ಓದಿದ ವೋಲ್ಟೇಜಿಗೂ ಮೂರನೇ ದಿನದ ವೋಲ್ಟೇಜಿಗೂ 0.05ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಇನ್ನೊಂದು ಸೋರಿಕೆ ಉಳಿದಿದೆ, ಮಿಲಿವೋಲ್ಟ್ ಅಳತೆಯಿಂದ ಮತ್ತೆ ಶುರು ಮಾಡಿ.